ಎರಡನೇ ಮಿರ್ಚಿ

ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವ ಕೋಲು ನಿಮ್ಮ ಮನೆಯ ಕೋಲಿನಂಥದ್ದಲ್ಲ. ಕರ್ರಗೆ ಮಿರುಗುತ್ತದೆ, ಒಂದರೊಳಗೊಂದು ಸೇರಿಕೊಳ್ಳುತ್ತದೆ, ಎಳೆದರೆ ಆಳೆತ್ತರ ಬೆಳೆಯುತ್ತದೆ, ಬುಡದಲ್ಲಿ ಮೂರು ಪುಟ್ಟ ಕಾಲುಗಳಿವೆ. ತುದಿಯಲ್ಲಿ ಕ್ಯಾಮೆರಾ ಕೂರಬೇಕಾದ ಜಾಗಕ್ಕೆ ನನ್ನ ಹೆಂಡತಿ ಸುಮಂಗಲಾ ಒಂದು ಹಳೆಯ ಬನಿಯನ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಬನಿಯನ್ನೂ ನನ್ನದೇ. ಹಬ್ಬದ ಮುಂಚೆ ಆ ಕೋಲು ಎತ್ತಿ ಹಿಡಿದು ಮೂಲೆ ಮೂಲೆ ಗುಡಿಸುವಾಗ ಆಕೆ, ‘ಅಷ್ಟು ಕುಣದು ತಂದಿದ್ದಕ್ಕ ಇಷ್ಟಕ್ಕರ ಉಪಯೋಗ ಬಂತು’ ಎಂದು ಗೋಡೆಗೆ ಹೇಳುತ್ತಾಳೆ. ಗೋಡೆ ಸುಮ್ಮನಿರುತ್ತದೆ. ಗೋಡೆಗೆ ಇರುವಷ್ಟು ಬುದ್ಧಿ ನನಗೂ ಇರುವುದರಿಂದ ನಾನೂ ಸುಮ್ಮನಿರುತ್ತೇನೆ.

ಆದರೆ ನಿಮ್ಮ ಹತ್ತಿರ ಹೇಳಿಕೊಳ್ಳಲು ಅಡ್ಡಿಯಿಲ್ಲ. ನಾನು ಬಳ್ಳಾರಿಯಲ್ಲಿ ಮನೆ, ಸೈಟು, ಹೊಲ ಕೊಡಿಸುವವನು. ಅಪ್ಪನ ಕಾಲದಲ್ಲಿ ಇದಕ್ಕೆ ದಲ್ಲಾಳಿ ಎನ್ನುತ್ತಿದ್ದರು. ನನ್ನ ಕಾಲಕ್ಕೆ ಬ್ರೋಕರ್ ಆಯಿತು. ಈಗ ನನ್ನ ಕಾರ್ಡಿನ ಮೇಲೆ ‘ಪ್ರಾಪರ್ಟಿ ಕನ್ಸಲ್ಟಂಟ್’ ಎಂದಿದೆ. ಹೆಸರು ದೊಡ್ಡದಾಗುತ್ತ ಹೋದಂತೆ ಚಪ್ಪಲಿ ಸವೆಯುವುದು ಕಡಿಮೆಯಾಗಿ ಹೆಬ್ಬೆರಳು ಸವೆಯುವುದು ಹೆಚ್ಚಾಗಿದೆ.

ಅಪ್ಪನ ಪ್ರಚಾರದ ಸಾಮಾನೆಂದರೆ ಒಂದು ಕೊಡೆ ಮತ್ತು ಚಹಾದಂಗಡಿಯ ಬೆಂಚು. ಬೆಂಚಿಗೆ ಕೊಡೆ ಒರಗಿದ್ದರೆ ದಲ್ಲಾಳಿ ಇಲ್ಲೇ ಇದ್ದಾನೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಅದೇ ಅವನ ಸ್ಟೇಟಸ್. ಮನೆ ತೋರಿಸುವಾಗ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ‘ಮನಿ ತಾನ ಮಾತಾಡ್ತೈತಿ. ನಡುವ ನಾವು ಬಾಯಿ ಹಾಕಬಾರದು’ ಎನ್ನುತ್ತಿದ್ದ. ಆದರೆ ಮಾರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಟ್ಟಿರುತ್ತಿದ್ದ. ಮನೆ ನೋಡಲು ಬಂದವರಿಗೆ ಮಂಡಕ್ಕಿ ವಗ್ಗರಣೆ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ, ಅಂದರೆ ನಮ್ಮ ಕಡೆಯ ಮಿರ್ಚಿ, ಆಗಲೇಬೇಕು. ಬಂದವರು ತಿನ್ನುವಾಗ ಅಪ್ಪನ ಕಣ್ಣು ಅವರ ಮುಖದ ಮೇಲೆ ಇರುತ್ತಿರಲಿಲ್ಲ, ಕೈಯ ಮೇಲೆ ಇರುತ್ತಿತ್ತು.

‘ಒಂದನೇ ಮಿರ್ಚಿ ಮರ್ಯಾದಿಗೆ ತಿಂತಾರ. ಎರಡನೇದ್ದಕ್ಕ ಕೈ ಹಾಕಿದ್ರ ಮನಿ ಹಿಡಿಸೇತಿ ಅಂತ ತಿಳ್ಕೋ.’ ಇದು ಅಪ್ಪನ ಶಾಸ್ತ್ರ. ಮನಸ್ಸು ಕೂರದ ಮನೆಯಲ್ಲಿ ಯಾರೂ ಎರಡನೇ ಮಿರ್ಚಿ ತಿನ್ನುವಷ್ಟು ಹೊತ್ತು ಕೂರುವುದಿಲ್ಲವಂತೆ. ನಾನು ರಜೆಯಲ್ಲಿ ಅಪ್ಪನ ಬಾಲ ಹಿಡಿದು ಹೋಗುತ್ತಿದ್ದೆ. ತಟ್ಟೆಯಲ್ಲಿ ಉಳಿದದ್ದು ನನ್ನ ಪಾಲಿಗೆ ಬರುತ್ತಿತ್ತಾದ್ದರಿಂದ, ಬಂದವರು ಎರಡನೆಯದಕ್ಕೆ ಕೈ ಹಾಕದಿರಲಪ್ಪಾ ಎಂದು ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಅಪ್ಪನ ವ್ಯಾಪಾರ ಮುರಿದಾಗಲೆಲ್ಲ ನನ್ನ ಹೊಟ್ಟೆ ತುಂಬುತ್ತಿತ್ತು. ಅಪ್ಪ ಅಷ್ಟೊಂದು ದುಡಿದರೂ ನಾವು ಯಾಕೆ ಉದ್ಧಾರವಾಗಲಿಲ್ಲ ಎಂದು ಮನೆಯಲ್ಲಿ ಚರ್ಚೆಯಾದಾಗ ನಾನು ಇವತ್ತಿಗೂ ಎದ್ದು ಹೊರಗೆ ಹೋಗುತ್ತೇನೆ.

ಇಂಥ ಅಪ್ಪನ ಮಗನಾದ ನಾನು ಆಪುಗಳ ಕೈಗೆ ಸಿಕ್ಕೆ. ಮೊದಲು ಬಂದದ್ದು ಪೋಸ್ಟರ್ ಮಾಡುವ ಆಪು. ಹಬ್ಬ ಬಂತೆಂದರೆ ದೇವರ ಚಿತ್ರದ ಪಕ್ಕ ಕೈಮುಗಿದ ನನ್ನ ಫೋಟೊ ತಾನಾಗಿಯೇ ತಯಾರಾಗುತ್ತಿತ್ತು. ದೇವರು ಬೆರಳಷ್ಟು, ನಾನು ಮೊಳದಷ್ಟು. ಯಾರು ಯಾರಿಗೆ ಕೈಮುಗಿಯುತ್ತಿದ್ದಾರೆ ಎಂಬ ಬಗ್ಗೆ ನಮ್ಮ ಓಣಿಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ಆಮೇಲೆ ಫೋಟೊ ಚೆಂದಗಾಣಿಸುವ ಆಪು. ದೇಶನೂರಿನಲ್ಲಿ ಒಬ್ಬರು ಭತ್ತದ ಗದ್ದೆ ಮಾರುವವರಿದ್ದರು. ನಾಟಿಗೆಂದು ನೀರು ನಿಲ್ಲಿಸಿದ್ದ ಗದ್ದೆಯ ಫೋಟೊ ತೆಗೆದು ಆಪಿಗೆ ಕೊಟ್ಟೆ. ಅದಕ್ಕೆ ಭತ್ತ ಏನು ಗೊತ್ತು? ನಿಂತ ನೀರು ಕಂಡದ್ದೇ ತಡ, ಬದುವಿಗೆ ಟೈಲ್ಸ್ ಕೂರಿಸಿ, ನೀಲಿ ಬಣ್ಣ ಬಳಿದು ಈಜುಕೊಳ ಮಾಡಿಬಿಟ್ಟಿತು. ದಂಡೆಯ ಮೇಲೆ ನಿಂತಿದ್ದ ಎಮ್ಮೆಯನ್ನು ಮಾತ್ರ ಹಾಗೇ ಬಿಟ್ಟಿತ್ತು. ನಾನು ಅವಸರದಲ್ಲಿ ಅದನ್ನೇ ಹಂಚಿದೆ. ನೋಡಲು ಬಂದ ಬಳ್ಳಾರಿಯ ದಂಪತಿ ಬ್ಯಾಗಿನಲ್ಲಿ ಟವೆಲ್ ತಂದಿದ್ದರು. ಆ ವ್ಯಾಪಾರ ಅಲ್ಲಿಗೇ ಮುಳುಗಿತು. ಗದ್ದೆಯ ಯಜಮಾನರಿಗೆ ಮಾತ್ರ ಫೋಟೊ ಬಹಳ ಹಿಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಗದ್ದೆ ಮಾರುವ ವಿಚಾರವನ್ನೂ ಬಿಟ್ಟರು.

ಮೂರನೆಯದು ತಾನೇ ಉತ್ತರ ಕೊಡುವ ಆಪು. ಯಾರು ಸಂದೇಶ ಕಳಿಸಿದರೂ ನಾನು ನೋಡುವ ಮೊದಲೇ ಅದು ಮಾತಾಡಿ ಮುಗಿಸಿರುತ್ತಿತ್ತು. ಹಲಕುಂದಿಯ ಪರಿಚಯದವರೊಬ್ಬರು ‘ನಮ್ಮ ತಂದೆಯವರು ಲಿಂಗೈಕ್ಯರಾದರು’ ಎಂದು ಕಳಿಸಿದರು. ಆಪು ಕೂಡಲೇ ಉತ್ತರಿಸಿತು: ‘ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮಗೆ ಎಷ್ಟು ಅಡಿ ಜಾಗ ಬೇಕು? ಪೂರ್ವ ದಿಕ್ಕೋ, ಉತ್ತರ ದಿಕ್ಕೋ? ಅರ್ಜೆಂಟ್ ಇದೆಯೇ?’ ಮಣ್ಣಿಗೆ ಹೋದವನು ಹಾರ ಹಿಡಿದು ಎಲ್ಲರಿಗಿಂತ ಹಿಂದೆ ನಿಂತಿದ್ದೆ. ಆ ಮನೆಯ ಹಿರಿಮಗ ಹುಡುಕಿಕೊಂಡು ಬಂದು, ‘ಜಾಗ ಸಿಕ್ಕೇತ್ರಿ. ನೀವೇನೂ ತ್ರಾಸ್ ತಗೋಬ್ಯಾಡ್ರಿ’ ಎಂದು ಮೆಲ್ಲಗೆ ಹೇಳಿದರು.

ಇಷ್ಟಾದ ಮೇಲೆ ಯಾರಿಗಾದರೂ ಬುದ್ಧಿ ಬರಬೇಕಿತ್ತು. ನನಗೆ ಕ್ಯಾಮೆರಾ ಬಂತು. ಹಿಂದೊಂದು ಮುಂದೊಂದು ಕಣ್ಣಿರುವ ಪುಟ್ಟ ಕ್ಯಾಮೆರಾ. ಕೋಲಿನ ತುದಿಗೆ ಸಿಕ್ಕಿಸಿ ಕೋಣೆಯ ನಡುವೆ ನಿಲ್ಲಿಸಿದರೆ ಸುತ್ತಲಿನದೆಲ್ಲವನ್ನೂ ಒಂದೇ ಏಟಿಗೆ ಹಿಡಿಯುತ್ತದೆ. ಆಮೇಲೆ ನೋಡುವವರು ಮನೆಯಲ್ಲೇ ಕುಳಿತು ಫೋನಿನ ಮೇಲೆ ಬೆರಳಾಡಿಸುತ್ತ ಆ ಮನೆಯ ಕೋಣೆ ಕೋಣೆ ಅಡ್ಡಾಡಬಹುದು. ಇದನ್ನು ಕೊಂಡ ವಾರದಲ್ಲೇ ಕುರುಗೋಡಿನಿಂದ ಗೌರತ್ತೆಯ ಫೋನ್ ಬಂತು.

ಗೌರತ್ತೆ ಅಪ್ಪನ ತಂಗಿ. ಮಾವ ಹೋಗಿ ವರ್ಷಗಳಾದವು, ಮಗಳು ತೆಕ್ಕಲಕೋಟೆಯಲ್ಲಿ ಗಂಡ ಮಕ್ಕಳೊಂದಿಗೆ ಸುಖವಾಗಿದ್ದಾಳೆ. ಅತ್ತೆಗೆ ಯಾವ ಕೊರತೆಯೂ ಇರಲಿಲ್ಲ, ಒಂದನ್ನು ಬಿಟ್ಟು. ಅವಳ ತಂಗಿ ಶಾಂತತ್ತೆ ಸಿರುಗುಪ್ಪದಲ್ಲಿದ್ದಾಳೆ. ಇವರಿಬ್ಬರೂ ಮಾತಾಡುವ ರೀತಿಯೇ ಬೇರೆ. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಮುಗಿಸಬೇಕು. ಚಿಕ್ಕಂದಿನಲ್ಲಿ ಇವರು ಹೇಳುತ್ತಿದ್ದ ಕಥೆಗಳನ್ನು ನಾವು ಮಕ್ಕಳು ಇಬ್ಬರ ನಡುವೆ ಕೂತು, ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ ಕೇಳುತ್ತಿದ್ದೆವು. ರಾಜಕುಮಾರ ಗೌರತ್ತೆಯ ಬಾಯಲ್ಲಿ ಕಾಡಿಗೆ ಹೋದರೆ ಶಾಂತತ್ತೆಯ ಬಾಯಲ್ಲೇ ವಾಪಸು ಬರಬೇಕು.

ಕುರುಗೋಡಿನ ಮನೆ ಗುಡ್ಡದ ಬುಡದಲ್ಲಿ, ದೊಡ್ಡ ಬಂಡೆಗಳ ಮರೆಯಲ್ಲಿದೆ. ಒಳಗೆ ಫೋನ್ ಹಿಡಿಯುವುದಿಲ್ಲ. ತಂಗಿಯ ಜೊತೆ ಮಾತಾಡಬೇಕೆಂದರೆ ಅತ್ತೆ ಮಾಳಿಗೆ ಹತ್ತಬೇಕಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಂಗ ಓಡಿಸುವ ಕೋಲು. ಎಷ್ಟೋ ಸಲ ನಡುವೆಯೇ ಫೋನ್ ಕಡಿದು, ಕಥೆಯ ಅರ್ಧ ಕುರುಗೋಡಿನಲ್ಲಿ ಉಳಿದರೆ ಇನ್ನರ್ಧ ಸಿರುಗುಪ್ಪದಲ್ಲಿ ಉಳಿಯುತ್ತಿತ್ತು.

‘ಲೇ ಬಸು, ಶಾಂತಾನ ಬಾಜೂ ಮನಿ ಮಾಸ್ತರು ಮನಿ ಮಾರಾಕ ಹತ್ಯಾರ’ ಎಂದಳು ಅತ್ತೆ. ಹಿಂದೆ ಮಂಗ ಕಿರುಚುವುದು ಕೇಳುತ್ತಿತ್ತು. ‘ಉಗಾದಿತನ ಯಾರಿಗೂ ಕೊಡೂದಿಲ್ಲ, ನಿಮಗ ಹಿಡದಿಟ್ಟಿರ್ತೀನಿ ಅಂದಾರ. ಅಷ್ಟ್ರಾಗ ಈ ಮನಿ ಮಾರಿಕೊಡು.’

‘ಶಾಂತತ್ತಿ ಮನ್ಯಾಗ ಇದ್ದುಬಿಡಬಹುದಲ್ಲತ್ತಿ, ಹೊಸಾ ಮನಿ ಯಾಕ?’

‘ಒಂದ ಮನ್ಯಾಗ ಇದ್ರ ಮೂರು ದಿನಕ್ಕ ಜಗಳ. ನಡುವ ಒಂದು ಗ್ವಾಡಿ ಇದ್ರ ಸಾಯೋತನ ದೋಸ್ತಿ. ನನಗ ಆ ಗ್ವಾಡಿ ಬೇಕಾಗೇತಿ. ಈ ವಯಸ್ಸಿನ್ಯಾಗ ತಂಗಿ ಜೋಡಿ ಮಾತಾಡಾಕ ಮಾಳಿಗಿ ಹತ್ತಬೇಕೇನಲೇ?’

ಸ್ಕೂಲು ಹತ್ತಿರ, ಬಸ್‌ಸ್ಟ್ಯಾಂಡ್ ಹತ್ತಿರ, ವಾಸ್ತು ಚೆನ್ನಾಗಿದೆ ಎಂದು ಮನೆ ಕೊಳ್ಳುವವರನ್ನು ಕಂಡಿದ್ದೆ. ಬರೀ ಗೋಡೆಗಾಗಿ ಮನೆ ಕೊಳ್ಳುವವರನ್ನು ಕಂಡದ್ದು ಅದೇ ಮೊದಲು. ಕ್ಯಾಮೆರಾ, ಕೋಲು ಹಿಡಿದು ಮರುದಿನವೇ ಕುರುಗೋಡಿಗೆ ಹೋದೆ.

ಅತ್ತೆ ಕ್ಯಾಮೆರಾವನ್ನು ಎರಡೂ ಕಡೆಯಿಂದ ನೋಡಿದಳು. ‘ಇದಕ ಬೆನ್ನಿಲ್ಲೇನಲೇ?’ ಎಂದಳು.

‘ಇಲ್ಲತ್ತಿ. ಎರಡೂ ಕಡಿ ಮುಖಾನ. ಇದರೊಳಗಿಂದ ಮಂದಿ ಬಂದು ಮನೀ ತುಂಬ ಅಡ್ಡಾಡಿ ನೋಡ್ತಾರ.’

‘ಎಷ್ಟು ಮಂದಿ ಬರ್ತಾರ?’

‘ನೂರಾರು ಮಂದಿ. ಬಳ್ಳಾರಿ, ಆದೋನಿ, ಎಲ್ಲಾ ಕಡಿಂದ ಬರ್ತಾರ. ನೀನು ಮಾತ್ರ ಒಳಗ ಇರು, ಕ್ಯಾಮೆರಾದ ಮುಂದ ಬರಬ್ಯಾಡ.’

‘ಮೊದಲ ಹೇಳಬಾರದೇನು’ ಎಂದು ಗೊಣಗುತ್ತ ಅತ್ತೆ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಎಣ್ಣೆ ಕಾಯುವ ವಾಸನೆ ಬಂತು, ಹಿಟ್ಟಿನ ಮೆಣಸಿನಕಾಯಿ ಬಾಂಡ್ಲಿಗೆ ಬೀಳುವ ಸದ್ದು ಬಂತು. ಅಳಿಯ ಬಂದಿದ್ದಾನೆಂದು ಅತ್ತೆಯ ಸಂಭ್ರಮ ನೋಡು ಎಂದು ನನ್ನ ಮನಸ್ಸು ತುಂಬಿತು. ಬಾಯಿಯೂ ತುಂಬಿತು.

ಈ ಕ್ಯಾಮೆರಾದ ಒಂದು ತೊಂದರೆ ಎಂದರೆ ತೆಗೆಯುವವನೂ ಕಾಣಬಾರದು. ಕೋಲನ್ನು ನಡುವೆ ನಿಲ್ಲಿಸಿ, ಓಡಿಹೋಗಿ ಅವಿತುಕೊಂಡು, ಫೋನಿನಿಂದ ಗುಂಡಿ ಒತ್ತಬೇಕು. ಐವತ್ತು ದಾಟಿದ, ಹೊಟ್ಟೆ ಬಂದ ಗಂಡಸು ಪಡಸಾಲೆಯ ಕದದ ಹಿಂದೆ, ಅಕ್ಕಿ ಚೀಲಗಳ ಸಂದಿಯಲ್ಲಿ, ಹಾಸಿಗೆ ಸುರುಳಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಉಸಿರು ಬಿಗಿಹಿಡಿಯುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಅದೇ ಮನೆಯಲ್ಲಿ ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾನು ಅವಿಯುತ್ತಿದ್ದ ಜಾಗಗಳೇ ಅವು. ಜಾಗಗಳು ಹಾಗೇ ಇದ್ದವು, ನಾನೇ ಹಿಡಿಯುತ್ತಿರಲಿಲ್ಲ. ಅವಿತಲ್ಲಿಂದ ಕೋಣೆ ಕಾಣುತ್ತಿರಲಿಲ್ಲ. ಫೋನಿನಲ್ಲಿ ಕಂಡದ್ದನ್ನು ನೋಡಿ, ಆಹಾ, ಬೆಳಕಿಂಡಿಯಿಂದ ಬಿಸಿಲು ಎಷ್ಟು ಚೆಂದ ಬಿದ್ದಿದೆ ಎಂದುಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದೆ.

ಎಲ್ಲ ಮುಗಿಸಿ ಅಡುಗೆಮನೆಗೆ ಬಂದರೆ ತಟ್ಟೆಯ ತುಂಬ ಮಿರ್ಚಿ ಇತ್ತು. ಕೈ ಚಾಚಿದೆ. ಅತ್ತೆ ಕೈ ಮೇಲೆ ಹೊಡೆದಳು. ‘ಮುಟ್ಟಬ್ಯಾಡ. ಬರೋ ಮಂದಿಗೆ ಮಾಡೀನಿ’ ಎಂದಳು. ಸಂಜೆ ಯಾರೋ ನೆಂಟರು ಬರುವವರಿರಬೇಕೆಂದು ತಿಳಿದು, ಬಾಯಿ ಒರೆಸಿಕೊಂಡು ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಮನೆಯನ್ನು ಜಾಲತಾಣಕ್ಕೆ ಏರಿಸಿ, ಊರಿನ ಸೈಟು ಮನೆಗಳ ಗುಂಪುಗಳಿಗೆಲ್ಲ ಹಂಚಿದೆ. ಮಧ್ಯಾಹ್ನದೊಳಗೆ ಫೋನ್ ಬಿಸಿಯಾಯಿತು. ಮೊದಲನೆಯವನು, ‘ಅಣ್ಣಾ, ಪ್ಲೇಟ್ ಮಿರ್ಚಿ ಎಷ್ಟು?’ ಎಂದ. ರಾಂಗ್ ನಂಬರ್ ಎಂದು ಇಟ್ಟೆ. ಆದೋನಿ ಕಡೆಯವನೊಬ್ಬ, ‘ಅನ್ನಾ, ಆ ಅವ್ವ ಹೋಟಲ್ ಎಕ್ಕಡುಂದಿ?’ ಎಂದು ತೆಲುಗಿನಲ್ಲಿ ಹೋಟೆಲಿನ ವಿಳಾಸ ಕೇಳಿದ. ಮೂರನೆಯವನು ಬರೀ ನಕ್ಕು ಇಟ್ಟ. ಸಂದೇಶ ಕಳಿಸಿದವರಿಗೆಲ್ಲ ನನ್ನ ಆಪು ‘ನಿಮಗೆ ಎಷ್ಟು ಅಡಿ ಬೇಕು?’ ಎಂದು ಕೇಳುತ್ತಿತ್ತು. ಒಬ್ಬರು ‘ಒಂದು ಅಡಿ ಸಾಕು, ಚಟ್ನಿ ಜಾಸ್ತಿ ಇರಲಿ’ ಎಂದು ಬರೆದಿದ್ದರು.

ಸುಮಂಗಲಾ ನನ್ನ ಫೋನ್ ತೆಗೆದುಕೊಂಡು ಪಡಸಾಲೆಯ ಚಿತ್ರದ ಮೇಲೆ ಬೆರಳಿಟ್ಟು ಹಿಂದಕ್ಕೆ ತಿರುಗಿಸಿದಳು. ‘ರೀ, ಇಲ್ಲಿ ಯಾರಿದು?’ ಎಂದಳು.

ಬೆನ್ನಿಲ್ಲದ ಕ್ಯಾಮೆರಾ ಎಂದು ಅತ್ತೆಗೆ ಪಾಠ ಹೇಳಿದ ನಾನೇ ಮುಂದಿನ ಅರ್ಧ ನೋಡಿ ಹಿಂದಿನ ಅರ್ಧ ನೋಡಿರಲಿಲ್ಲ. ಅಲ್ಲಿ, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಗೌರತ್ತೆ ನಿಂತಿದ್ದಳು. ಎರಡೂ ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಮಿರ್ಚಿ, ಮುಖದ ತುಂಬ ನಗು. ದೇವರ ಮನೆಗೆ ಹೋದರೆ ಅಲ್ಲೂ ಅತ್ತೆ, ತಟ್ಟೆ. ಅಡುಗೆಮನೆಯಲ್ಲಿ ಅತ್ತೆ, ತಟ್ಟೆ. ಹಿತ್ತಲಿನಲ್ಲಿ ತಟ್ಟೆಗೆ ಸೆರಗು ಮುಚ್ಚಿಕೊಂಡಿದ್ದಳು, ಮಂಗಗಳಿಗೆ ಹೆದರಿ. ಬಚ್ಚಲಿನಲ್ಲಿ ಮಾತ್ರ ಮರ್ಯಾದೆಯಿಂದ ಹೊರಗೇ ನಿಂತು, ಬಾಗಿಲ ಸಂದಿಯಿಂದ ತಟ್ಟೆಯನ್ನಷ್ಟೇ ಒಳಗೆ ಚಾಚಿದ್ದಳು.

ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಪ್ರತಿ ಕೋಣೆಯಲ್ಲೂ ನಾನೂ ಇದ್ದೆ. ಕದದ ಪಕ್ಕದಲ್ಲಿ ನನ್ನ ಹೊಟ್ಟೆ, ಅಕ್ಕಿ ಚೀಲದ ಮೇಲೆ ನನ್ನ ಬೋಳು ನೆತ್ತಿ, ಹಾಸಿಗೆಯ ಆಚೆ ನನ್ನ ಮೊಣಕಾಲು. ಊರಿನ ಮಕ್ಕಳಿಗೆಲ್ಲ ‘ಬ್ರೋಕರ್ ಎಲ್ಲಿದ್ದಾನೆ ಹುಡುಕು’ ಎಂಬ ಆಟವಾಯಿತು. ಅಳಿಸಿಹಾಕೋಣವೆಂದರೆ ಪುಕ್ಕಟೆ ಬಳಕೆಯ ಅವಧಿ ಮುಗಿದಿದೆ, ಅಳಿಸಬೇಕಾದರೆ ಮೊದಲು ಪ್ರೀಮಿಯಂ ಸದಸ್ಯರಾಗಿ ಎಂದಿತು ಆ ತಾಣ. ಏರಿಸುವುದು ಪುಕ್ಕಟೆ, ಇಳಿಸುವುದಕ್ಕೆ ಕಾಸು. ನಮ್ಮ ಹಳೆಯ ದಲ್ಲಾಳಿಗಳಿಗೂ ಹೊಳೆಯದ ಉಪಾಯ.

ಕುರುಗೋಡಿಗೆ ಹೋಗಿ ಅತ್ತೆಯನ್ನು ಕೇಳಿದೆ. ‘ಬರಬ್ಯಾಡ ಅಂದಿದ್ನಲ್ಲತ್ತಿ.’

‘ಮುಂದ ಬರಬ್ಯಾಡ ಅಂದಿ. ಹಿಂದ ನಿಂತೆ. ನೂರಾರು ಮಂದಿ ಮನಿಗೆ ಬರ್ತಾರಂದಿ, ಬರಿಗೈಲೆ ಹೆಂಗ ನಿಂದರಲಿ? ನಿಮ್ಮಪ್ಪ ಏನು ಹೇಳತಿದ್ದ, ಮರತೇನು?’ ಎಂದಳು. ಆಮೇಲೆ ದನಿ ತಗ್ಗಿಸಿ, ನಿಜವಾಗಿಯೂ ಆಸೆಯಿಂದ ಕೇಳಿದಳು. ‘ಎರಡನೇದ್ದಕ್ಕ ಯಾರರ ಕೈ ಹಾಕಿದ್ರೇನು?’

ಉಗಾದಿ ಹತ್ತಿರವಾಗುತ್ತಿತ್ತು. ಮಾಸ್ತರರ ಮನೆಯನ್ನು ಬೇರೆಯವರೂ ಕೇಳಿಕೊಂಡು ಹೋಗಿದ್ದರು. ಗೌರತ್ತೆ ದಿನವೂ ಮಾಳಿಗೆ ಹತ್ತಿ, ‘ಶಾಂತಾ, ಮನಿ ಐತೋ ಹೋತೋ?’ ಎಂದು ಕೇಳುತ್ತಿದ್ದಳಂತೆ. ಕಥೆಗಳೆಲ್ಲ ನಿಂತುಹೋಗಿದ್ದವು. ಇದನ್ನು ಶಾಂತತ್ತೆ ನನಗೆ ಫೋನಿನಲ್ಲಿ ಹೇಳಿದಾಗ ನಿಜಕ್ಕೂ ಸಂಕಟವಾಯಿತು. ಊರಿನವರೆಲ್ಲ ನಕ್ಕರೂ ಆಗದ ಸಂಕಟ.

ಉಗಾದಿಗೆ ಇನ್ನೇನು ಕೆಲವೇ ದಿನ ಇರುವಾಗ ಖಾಜಾ ಸಾಹೇಬರ ಫೋನ್ ಬಂತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಕೆಲಸ ಅವರದು. ಮಿರ್ಚಿ ಸಿಗೂದಿಲ್ರಿ ಎಂದು ನಾನೇ ಮೊದಲು ಹೇಳಿದೆ. ಅವರು ನಗಲಿಲ್ಲ.

‘ಮನಿ ಬೇಕಾಗೇತ್ರಿ ಅಣ್ಣಾರ. ನಮ್ಮ ಮನಿಯವರ ತವರು ಕುರುಗೋಡು. ಫೋನಿನ್ಯಾಗ ಬಾಳ ಮನಿ ನೋಡಿದ್ವಿ. ಎಲ್ಲಾ ಖಾಲಿ ಖಾಲಿ. ಒಂದ್ರಾಗೂ ಯಾರೂ ಕುಂದರ್ರಿ ಅನ್ನಲಿಲ್ಲ. ಈ ಅಮ್ಮ ಒಬ್ಬರ ತಟ್ಟಿ ಹಿಡಕೊಂಡು ನಿಂತಿದ್ರು.’

ಮರುದಿನ ಗಂಡ ಹೆಂಡತಿ ಬಂದರು. ನಾನು ‘ನೋಡ್ರಿ ಸಾಹೇಬ್ರ, ಈ ಪಡಸಾಲಿ...’ ಎಂದು ಬಾಯಿ ತೆರೆದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನೇ ಮುಚ್ಚಿತು. ತಟ್ಟೆ ಬಂತು. ಸಾಹೇಬರು ಒಂದು ಮಿರ್ಚಿ ತಿಂದು ಕೈ ಒರೆಸಿಕೊಂಡರು. ‘ಚಲೋ ಆಗ್ಯಾವಮ್ಮ. ಆದ್ರ ಡಾಕ್ಟರು ಎಣ್ಣಿ ಬ್ಯಾಡ ಅಂದಾರ’ ಎಂದು ತಟ್ಟೆ ಸರಿಸಿದರು. ಅತ್ತೆಯ ಮುಖ ಸಣ್ಣದಾಯಿತು. ಹುಟ್ಟಿದಾಗಿನಿಂದ ಮೊದಲ ಸಲ, ಯಾರಾದರೂ ಎರಡನೆಯದು ತಿನ್ನಲಿ ಎಂದು ದೇವರಿಗೆ ಹೇಳಿಕೊಂಡೆ. ಹಳೆಯ ಹರಕೆಗಳ ಲೆಕ್ಕ ತೆಗೆದರೆ ಆತ ನನ್ನ ಮಾತು ಯಾಕೆ ಕೇಳಬೇಕು ಎಂಬ ಭಯವೂ ಇತ್ತು.

ಸಾಹೇಬರ ಮನೆಯವರು ಮಾತ್ರ ತಮ್ಮ ಪಾಲಿನ ಮಿರ್ಚಿ ತಿಂದು, ಬೆಳಕಿಂಡಿಯ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದರು. ಸೆರಗಿನ ಅಂಚಿನಿಂದ ಒಂದು ದಾರದೆಳೆ ಎಳೆದು ಬೆಳಕಿಗೆ ಹಿಡಿದರು. ‘ಇಲ್ಲೇ ಮಷಿನ್ ಇಟ್ರ ಹಗಲೆಲ್ಲ ಲೈಟ್ ಬೇಕಾಗೂದಿಲ್ಲ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಪ್ಪ ಹೇಳಿದ ಹಾಗೆ ಮನೆಯೇ ಮಾತಾಡುತ್ತಿತ್ತೋ ಏನೋ. ಮೇಲೆ ನೋಡುತ್ತಲೇ ಆಕೆ ಪಕ್ಕಕ್ಕೆ ಕೈ ಚಾಚಿದರು. ಕೈ ತಡಕಾಡಿತು. ಅತ್ತೆ ತಟ್ಟೆಯನ್ನು ಮೆಲ್ಲಗೆ ಆ ಕೈಯ ಕೆಳಗೆ ತಂದು ಹಿಡಿದಳು.

ಉಗಾದಿಗೆ ಮುಂಚೆಯೇ ಗೌರತ್ತೆಗೆ ತನ್ನ ಗೋಡೆ ಸಿಕ್ಕಿತು. ಕ್ಯಾಮೆರಾವನ್ನು ನಾನು ಮದುವೆ ಫೋಟೊ ತೆಗೆಯುವವರೊಬ್ಬರಿಗೆ ಕೊಟ್ಟೆ. ಅವರು ಕೋಲು ಬೇಡವೆಂದರು, ಸುಮಂಗಲಾ ಬೇಕೆಂದಳು. ಅದರ ಮುಂದಿನ ಇತಿಹಾಸ ನಿಮಗೆ ಗೊತ್ತೇ ಇದೆ.

ಮೊನ್ನೆ ಸಿರುಗುಪ್ಪಕ್ಕೆ ಹೋಗಿದ್ದೆ. ಗೌರತ್ತೆಯ ಫೋನು ಚಾರ್ಜ್ ಇಲ್ಲದೆ ಗೂಡಿನಲ್ಲಿ ಮಲಗಿತ್ತು. ಈಗ ಅದರ ಅಗತ್ಯವಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು ಈ ಕಡೆಯಿಂದ ಒಬ್ಬಳು ರಾಜಕುಮಾರನನ್ನು ಕಾಡಿಗೆ ಕಳಿಸಿದರೆ ಆ ಕಡೆಯಿಂದ ಇನ್ನೊಬ್ಬಳು ಮನೆಗೆ ಕರೆತರುತ್ತಾಳೆ. ‘ಹಳೇ ಮನಿ ಇನ್ನೂ ಫೋನಿನ್ಯಾಗ ಐತೇನಲೇ?’ ಎಂದಳು ಗೌರತ್ತೆ. ತೆಗೆದು ಕೊಟ್ಟೆ. ಕೋಣೆ ಕೋಣೆಯಲ್ಲಿ ತಟ್ಟೆ ಹಿಡಿದು ನಿಂತ ತನ್ನನ್ನು ತಾನೇ ಸಮಾಧಾನವಾಗಿ ನೋಡುತ್ತ ಹೋದಳು. ಬೆರಳು ತಿರುಗುತ್ತ ತಿರುಗುತ್ತ ಅಕ್ಕಿ ಚೀಲಗಳ ಸಂದಿಗೆ ಬಂದು ನಿಂತಿತು. ಅಲ್ಲಿ ನಾನು ಕುಕ್ಕರಗಾಲಿನಲ್ಲಿ ಕುಳಿತು, ಮೂಗು ಮೇಲೆತ್ತಿ ಮಿರ್ಚಿಯ ವಾಸನೆ ಹಿಡಿಯುತ್ತಿದ್ದೆ.

ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದಳು. ‘ಅಯ್ಯ ನನ್ನಪ್ಪಾ’ ಎಂದಳು. ‘ಕಾಣಲಾರದ ಮಂದಿಗೆಲ್ಲ ಮನೀ ತುಂಬ ತಟ್ಟಿ ಹಿಡದೆ. ಮೂಲ್ಯಾಗ ನೀ ಕುಂತಿದ್ದಿ. ನಿನಗ ಒಂದೂ ಕೊಡಲಿಲ್ಲಲ್ಲೋ.’

ಫೋನನ್ನು ನನ್ನ ಮಡಿಲಿಗೆ ಹಾಕಿ ಎದ್ದು ಒಳಗೆ ಹೋದಳು. ಎಣ್ಣೆಯ ವಾಸನೆ ಬಂತು. ತಟ್ಟೆ ತಂದು ನನ್ನ ಮುಂದಿಟ್ಟು, ಗೋಡೆಗೆ ಒರಗಿ ನಿಂತಳು. ನಾನು ಒಂದು ತಿಂದೆ. ಸ್ವಲ್ಪ ಖಾರವಿತ್ತು, ಕಣ್ಣಲ್ಲಿ ನೀರು ಬಂತು, ಅದು ಖಾರಕ್ಕೇ ಎಂದು ಇಟ್ಟುಕೊಳ್ಳೋಣ. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ, ಥೇಟ್ ಅಪ್ಪನ ಹಾಗೆ ಕೈ ನೋಡುತ್ತಿದ್ದಳು. ನಾನು ಮತ್ತೆ ಕೈ ಚಾಚಿದೆ.

ಅತ್ತೆ ಮುಷ್ಟಿಯಿಂದ ಗೋಡೆಗೆ ಎರಡು ಸಲ ಗುದ್ದಿ, ಆ ಕಡೆಗೆ ಕೇಳುವಂತೆ ಹೇಳಿದಳು.

‘ಶಾಂತಾ, ಎರಡನೇದ್ದಕ್ಕ ಕೈ ಹಾಕಿದ.’